ಎಂಜಿನ್ನಿಗೆ ಆಂಟಿ ಹಾಕಿದ ಮೆಟ್ಟಿಲು

ಹೋದ ತಿಂಗಳು ಹ್ಯೂಸ್ಟನ್ನಿನ ನಮ್ಮ ಮನೆಯಲ್ಲಿ ಸಿಂಕಿನ ಕೆಳಗಿನ ತಾಮ್ರದ ಪೈಪು ಸೋರತೊಡಗಿತು. ಪ್ಲಂಬರ್ ಬಂದು, ನೆಲದ ಮೇಲೆ ಅಂಗಾತ ಮಲಗಿ ಬೆಸುಗೆ ಹಾಕಿದ. ಕಾದ ಲೋಹ, ಕರಗಿದ ತವರ, ಅದರ ಜೊತೆಗೊಂದು ಕಟುವಾದ ಹೊಗೆ... ನಾನು ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ವಾಸನೆಯಿಂದ ತೊಂದರೆಯಾಗುತ್ತಿದ್ದರೆ ಕಿಟಕಿ ತೆಗೆಯಿರಿ ಅಂದ ಅವನು. ಏನೂ ತೊಂದರೆಯಿಲ್ಲ, ನನಗೆ ಬೇಕಾದವರೊಬ್ಬರ ಮನೆಯಲ್ಲಿ ಇದೇ ವಾಸನೆ ಇರುತ್ತಿತ್ತು ಅಂದೆ. ಪಾಪ, ಅವರೂ ಪ್ಲಂಬರ್ರೇ ಇರಬೇಕು ಅಂದುಕೊಂಡ.

ಅವರು ಪ್ಲಂಬರ್ ಆಗಿರಲಿಲ್ಲ. ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಆಂಟಿ. ಧಾರವಾಡದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಬಂದಿದ್ದರು. ಆಗ ನಾನು ಡಾಲಸ್‌ನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇರಬೇಕು.

ಅವರನ್ನು ಮೊದಲು ನೋಡಿದ್ದು ಒಂದು ಶನಿವಾರ ಬೆಳಿಗ್ಗೆ. ಇಡೀ ಕಟ್ಟಡದ ಫೈರ್ ಅಲಾರಂ ಬಡಿದುಕೊಂಡು, ನಾವೆಲ್ಲ ಹೇಗಿದ್ದೆವೋ ಹಾಗೇ ಹುಲ್ಲಿನ ಮೇಲೆ ಬಂದು ನಿಂತಿದ್ದೆವು. ಫೈರ್ ಎಂಜಿನ್ ಬಂತು. ಯಾರೋ ಇಂಡಿಯನ್ ಮನೆಯಲ್ಲಿ ಒಗ್ಗರಣೆ ಹಾಕಿರಬೇಕು ಅಂತ ನನ್ನ ಪಕ್ಕದಲ್ಲಿದ್ದವನು ನಗುತ್ತಾ ಹೇಳಿದ. ಅಷ್ಟರಲ್ಲಿ ಕೆಳಗಿನ ಮನೆಯ ಬಾಗಿಲು ತೆರೆದು, ಇಳಕಲ್ ಸೀರೆಯ ಸೆರಗಿನಲ್ಲಿ ಏನನ್ನೋ ಮಗುವಿನ ಹಾಗೆ ಸುತ್ತಿಕೊಂಡು ಆಂಟಿ ಹೊರಗೆ ಬಂದರು. ನನ್ನ ಮುಖ ನೋಡಿ ಕನ್ನಡದವಳು ಅಂತ ಹೇಗೆ ಗೊತ್ತಾಯಿತೋ, ನೇರವಾಗಿ ನನ್ನ ಹತ್ತಿರ ಬಂದು, "ಒಗ್ಗರಣಿ ಅಲ್ರೀ, ಬೆಸಗಿ! ಇವರಿಗೆ ಸ್ವಲ್ಪ ತಿಳಿಸಿ ಹೇಳ್ರಿ," ಅಂದರು.

ಸೆರಗು ಸರಿಸಿದರೆ ಒಳಗೆ ಗೇಣುದ್ದದ ಒಂದು ಉಗಿಬಂಡಿ ಎಂಜಿನ್. ಹಿತ್ತಾಳೆ ತಗಡಿನದು, ಇನ್ನೂ ಬಣ್ಣ ಬಳಿಯದ್ದು. ಒಳಗೆ ಹೋಗಿ ನೋಡಿ ಬಂದ ಫೈರ್‌ಮನ್ ಬೈಯುವ ಬದಲು ಹೆಲ್ಮೆಟ್ ತೆಗೆದು, ಬಗ್ಗಿ, ಆ ಪುಟ್ಟ ಚಕ್ರಗಳನ್ನು ನೋಡುತ್ತಾ ನಿಂತುಬಿಟ್ಟ. ಆಂಟಿ ಅವನಿಗೆ ಒಂದೊಂದೇ ಭಾಗ ತೋರಿಸತೊಡಗಿದರು. ನಾವೆಲ್ಲ ಚಳಿಯಲ್ಲಿ ನಡುಗುತ್ತಾ ಕಾದೆವು.

ಆಂಟಿ ಊರ ಕಡೆಯ ರೈಲ್ವೆ ವರ್ಕ್‌ಶಾಪೊಂದರ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿದ್ದವರು. ಮೇಲಿನವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದುವುದು ಅವರ ಕೆಲಸ. ಇಂಗ್ಲೆಂಡಿನಲ್ಲಿ ತಯಾರಾಗಿ, ಹಡಗಿನಲ್ಲಿ ಬಂದು, ನಮ್ಮ ಮೀಟರ್‌ಗೇಜ್ ಹಳಿಗಳ ಮೇಲೆ ಐವತ್ತು ವರ್ಷ ಓಡಿದ ಒಂದು ಜಾತಿಯ ಎಂಜಿನ್ ಇತ್ತಂತೆ. ಆಂಟಿ ಕೆಲಸಕ್ಕೆ ಸೇರುವ ಹೊತ್ತಿಗೆ ಅವು ಮುದಿಯಾಗಿದ್ದವು. ಒಂದೊಂದು ಸಲ ರಿಪೇರಿಗೆ ಬಂದಾಗಲೂ ಏನಾದರೂ ಬದಲಾಗುತ್ತಿತ್ತು. ಎಣ್ಣೆ ದೀಪ ಹೋಗಿ ಕರೆಂಟ್ ದೀಪ ಬಂತು. ಹೆಚ್ಚು ಕಲ್ಲಿದ್ದಲು ಹಿಡಿಯಲಿ ಅಂತ ಎಂಜಿನ್ನಿನ ಹಿಂದಿನ ಟೆಂಡರ್ ಬಂಡಿಯ ಸುತ್ತ ಕಬ್ಬಿಣದ ಕಟಕಟೆ ಎದ್ದಿತು. ಡ್ರೈವರಿಗೆ ಬಿಸಿಲು ಬಡಿಯದಂತೆ ತಗಡಿನ ಚಾವಣಿ ಹಿಂದಕ್ಕೆ ಚಾಚಿತು. ಆ ಬದಲಾವಣೆಗಳ ನಕ್ಷೆಗಳೆಲ್ಲ ಆಂಟಿಯ ಕೈಯಲ್ಲಿ ಹಾದುಹೋದವು.

ಮಗಳು ಅಮ್ಮನಿಗೆ ಬೇಸರವಾಗದಿರಲಿ ಅಂತ ಇಂಗ್ಲೆಂಡಿನಿಂದ ಆ ಎಂಜಿನ್ನಿನ ಮಾಡೆಲ್ ಕಿಟ್ ತರಿಸಿಕೊಟ್ಟಿದ್ದಳು. ಅದರಲ್ಲಿದ್ದದ್ದು ಕಾರ್ಖಾನೆಯಿಂದ ಹೊರಬಿದ್ದ ದಿನದ ಎಂಜಿನ್. "ಹೊಸಾದಿದ್ದಾಗ ಹೆಂಗಿತ್ತು ಅಂತ ಇಂಗ್ಲೆಂಡಿನವರಿಗೆ ಗೊತ್ತವಾ. ಮುದುಕಿ ಆದ ಮ್ಯಾಲೆ ಹೆಂಗಿತ್ತು ಅಂತ ನನಗ ಗೊತ್ತು," ಅನ್ನುತ್ತಿದ್ದರು. ಕಿಟ್ಟಿನ ಅರ್ಧ ಭಾಗ ಡಬ್ಬಿಯಲ್ಲೇ ಉಳಿಯಿತು. ಉಳಿದದ್ದನ್ನು ತಾವೇ ತಗಡು ಕತ್ತರಿಸಿ, ಅರದಿಂದ ಉಜ್ಜಿ, ಬೆಸೆದು ಮಾಡಿಕೊಂಡರು.

ಆ ಅಲಾರಂ ದಿನದಿಂದ ನನಗೊಂದು ಕೆಲಸ ಸಿಕ್ಕಿತು. ಆಂಟಿ ಬೆಸುಗೆ ಹಾಕುವಾಗ ಅಲಾರಂ ಕೆಳಗೆ ನಿಂತು ಟವೆಲ್ ಬೀಸುವುದು. ಪ್ರತಿಯಾಗಿ ಗಿರ್ಮಿಟ್, ಮಿರ್ಚಿ. ನಾನು ಮೈಸೂರಿನವಳು, ಅಷ್ಟು ಖಾರದ ಮಿರ್ಚಿ ತಿಂದು ಕಣ್ಣೀರು ಸುರಿಸುವುದನ್ನು ನೋಡಿ ಆಂಟಿಗೆ ಎಲ್ಲಿಲ್ಲದ ಖುಷಿ. ಮೊದಮೊದಲು ರೀ ಹಚ್ಚಿ ಮಾತಾಡುತ್ತಿದ್ದವರು ಒಂದು ತಿಂಗಳಲ್ಲಿ 'ಬಾ ತಂಗಿ, ಕುಂಡ್ರು' ಅನ್ನುವಷ್ಟಾದರು.

ಒಂದು ದಿನ ಎಂಜಿನ್ನಿನ ಎಡ ಮಗ್ಗುಲಿಗೆ ಅಕ್ಕಿಕಾಳಿನಷ್ಟು ತಗಡಿನ ಚೂರೊಂದನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದರು. ಉಸಿರು ಬಿಗಿಹಿಡಿದಿದ್ದರು. ಕೂತಿತು. ಆಮೇಲೆ ಕನ್ನಡಕ ತೆಗೆದು, ಅದರ ಕಥೆ ಹೇಳಿದರು.

ಕರೆಂಟ್ ದೀಪ ಬಂದಾಗ, ಅದಕ್ಕೆ ಕರೆಂಟ್ ಕೊಡುವ ಸಣ್ಣ ಯಂತ್ರವನ್ನು ಬಾಯ್ಲರಿನ ಮೇಲೆ ಕೂರಿಸಿದ್ದರು. ಅದನ್ನು ಮುಟ್ಟಬೇಕೆಂದರೆ ಚಕ್ರದ ಮೇಲೆ ಕಾಲಿಟ್ಟು ಹತ್ತಬೇಕು. ಹಾಗೆ ಹತ್ತುವಾಗ ಒಬ್ಬ ಫಿಟ್ಟರ್ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡ. ಅದರ ಕಾಗದ ಡ್ರಾಯಿಂಗ್ ಆಫೀಸಿಗೆ ಬಂದಾಗ ಪೈಪು ಎಲ್ಲಿ ಹೋಗಬೇಕು, ಬೋಲ್ಟ್ ಎಷ್ಟಿರಬೇಕು ಅಂತ ಮಾತಾಯಿತು. ಇಪ್ಪತ್ತಮೂರು ವರ್ಷದ ಟ್ರೇಸರ್ ಹುಡುಗಿ ಮೂಲೆಯಿಂದ, "ಕಾಲಿಡಾಕ ಒಂದು ಮೆಟ್ಟಲ ಬ್ಯಾಡೇನ್ರಿ?" ಅಂತ ಕೇಳಿಬಿಟ್ಟಳು. ಎಲ್ಲರೂ ನಕ್ಕರು. ಹಿರಿಯರೊಬ್ಬರು ಮಾತ್ರ ಪೆನ್ಸಿಲ್ ಅವಳ ಮುಂದಿಟ್ಟು, ಎಲ್ಲಿ ಬೇಕೋ ಹಾಕಮ್ಮಾ ಅಂದರು. ಹಾಕಿದಳು. ಮೂರು ಗೆರೆ. ಅದು ಪಾಸಾಯಿತು.

"ಸಾವಿರ ಹಾಳಿ ತಿದ್ದೇನಿ. ಎಲ್ಲಾ ಮಂದಿದು. ನಂದಂತ ಇರೋದು ಆ ಮೂರಽ ಗೆರಿ," ಅಂದರು ಆಂಟಿ.

ಆ ವರ್ಷ ಡಾಲಸ್ ಹತ್ತಿರದ ಒಂದು ದೊಡ್ಡ ಸಭಾಂಗಣದಲ್ಲಿ ಮಾಡೆಲ್ ರೈಲುಗಳ ಪ್ರದರ್ಶನವಿತ್ತು. ನಾನೇ ಡ್ರೈವ್ ಮಾಡಿದೆ. ಆಂಟಿ ದಾರಿಯುದ್ದಕ್ಕೂ ಎಂಜಿನ್ನಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಬ್ರೇಕ್ ಹಾಕಿದಾಗಲೆಲ್ಲ ನನ್ನನ್ನು ಬೈದರು. ಅಲ್ಲಿ ತೀರ್ಪುಗಾರರಾಗಿ ಬಂದಿದ್ದವರಲ್ಲೊಬ್ಬರು ಹ್ಯೂಸ್ಟನ್ನಿನ ಹಿರಿಯರು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಎಣ್ಣೆ ಕಂಪನಿಯಲ್ಲಿ ದುಡಿದು ನಿವೃತ್ತರಾಗಿ ಅಲ್ಲಿನ ಎನರ್ಜಿ ಕಾರಿಡಾರ್ ಬಡಾವಣೆಯ ಹತ್ತಿರವೇ ನೆಲೆಸಿದವರು. ಬಿಳಿ ಮೀಸೆ, ಕೋಟು. ಆಂಟಿ ನೋಡಿದ ಕ್ಷಣವೇ ಅವರಿಗೆ 'ಸಾಹೇಬ್ರು' ಅಂತ ಹೆಸರಿಟ್ಟರು.

ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ಒಳ್ಳೆಯ ಕೆಲಸ ನೋಡಿ ವರ್ಷಗಳಾದವು ಅಂದರು. ಆಮೇಲೆ ಆ ಅಕ್ಕಿಕಾಳಿನ ಮೇಲೆ ಬೆರಳು ತೋರಿಸಿ, ಇದು ಮಾತ್ರ ತಯಾರಕರ ನಕ್ಷೆಯಲ್ಲಿ ಇಲ್ಲವಲ್ಲ, ನಾನು ನೋಡಿದ ಯಾವ ಫೋಟೋದಲ್ಲೂ ಇಲ್ಲ ಅಂದರು.

ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ದಟ್ ಡ್ರಾಯಿಂಗ್ ಇಸ್ ಬರ್ತ್ ಸರ್ಟಿಫಿಕೇಟ್, ಸರ್. ಐ ಆಮ್ ಮೇಕಿಂಗ್ ಹರ್ ಓಲ್ಡ್ ಏಜ್."

ಸಾಹೇಬರು ನಕ್ಕರು. ಆದರೆ ಪುರಾವೆ ಇಲ್ಲದೆ ನಾನು ಒಪ್ಪುವಂತಿಲ್ಲ ಅಂತ ಮೃದುವಾಗಿಯೇ ಹೇಳಿ ಅಂಕ ಕಳೆದರು. ಬಹುಮಾನ ಬರಲಿಲ್ಲ.

ವಾಪಸ್ ಬರುವಾಗ ಆಂಟಿ ನನ್ನ ಬ್ರೇಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಮನೆಯಲ್ಲಿ ಮಗಳು, "ಅಮ್ಮಾ, ಒಂದು ಚೂರು ತಗಡು. ತೆಗೆದುಬಿಡು, ಮುಂದಿನ ವರ್ಷ ಫಸ್ಟ್ ಬರ್ತದ," ಅಂದಳು. ಆಂಟಿ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ಬಿಟ್ಟು ನಾನು ಹೋದಾಗ ಎಂಜಿನ್ನನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. "ತಂಗಿ, ನನಗ ಖರೇನ ನೆನಪೈತೇನು? ಇಲ್ಲಾ, ನನ್ನದೂ ಒಂದು ಇರಲಿ ಅಂತ ನಾನಽ ಕಟ್ಟಿಕೊಂಡೇನೇನು? ಆಫೀಸಿನ್ಯಾಗ ಹಾಳಿ ನೋಡೇನಿ ಹೊರತು, ಶೆಡ್ಡಿಗೆ ಹೋಗಿ ಎಂಜಿನ್ ನೋಡಿದಾಕಿ ಅಲ್ಲ ನಾನು. ಹೆಣ್ಣಮಕ್ಕಳು ಅಲ್ಲಿಗೆ ಹೋಗ್ತಿದ್ದಿಲ್ಲ."

ಇರುತ್ತೆ ಬಿಡಿ ಆಂಟಿ ಅಂದೆ. ಅದು ಎಷ್ಟು ಪೊಳ್ಳು ಮಾತು ಅಂತ ಇಬ್ಬರಿಗೂ ಗೊತ್ತಿತ್ತು. ಆಮೇಲೆ ಕೆಲವು ತಿಂಗಳು ಟವೆಲ್ ಬೀಸುವ ಕೆಲಸ ಇರಲಿಲ್ಲ. ಆಂಟಿ ಟಿವಿ ನೋಡುತ್ತಿದ್ದರು...

ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ನನಗೆ ಸಾಹೇಬರ ಮೇಲ್ ಬಂತು. ಪ್ರದರ್ಶನದ ಫಾರಂನಲ್ಲಿ ನನ್ನ ವಿಳಾಸವೇ ಇತ್ತು. ಆ ಬರ್ತ್ ಸರ್ಟಿಫಿಕೇಟಿನ ಮಾತು ಅವರನ್ನು ನಿದ್ದೆ ಮಾಡಗೊಡಲಿಲ್ಲವಂತೆ. ಹಿಂದೆ ಕೊನೆಯ ಉಗಿಬಂಡಿಗಳ ಫೋಟೋ ತೆಗೆಯಲೆಂದೇ ಇಂಡಿಯಾ ಸುತ್ತಿದ್ದ ಇಂಗ್ಲೆಂಡಿನ ಗೆಳೆಯರೊಬ್ಬರಿಗೆ ಬರೆದು, ಅವರ ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ತೆಗೆಸಿದ್ದರು. ಒಂದು ಫೋಟೋ ಸಿಕ್ಕಿತ್ತು. ನಾನು ಅರ್ಧ ದಿನ ರಜೆ ಹಾಕಿ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟೆ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಫೋಟೋ ದೊಡ್ಡದು ಮಾಡಿದೆ. ಯಾವುದೋ ಸ್ಟೇಷನ್ನು. ಮಸಿ ಮೆತ್ತಿದ ಎಂಜಿನ್. ಅದರ ಮಗ್ಗುಲಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಒಬ್ಬ ಫೈರ್‌ಮನ್, ತಲೆಗೆ ವಸ್ತ್ರ ಸುತ್ತಿಕೊಂಡು, ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದಾನೆ. ಒಂದು ಕಾಲು ನೆಲದ ಮೇಲೆ. ಇನ್ನೊಂದು ಕಾಲು ಆಂಟಿಯ ಮೆಟ್ಟಿಲ ಮೇಲೆ.

ಆಂಟಿ ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋದರು. "ಕಾಲಿಟ್ಟಾನ ನೋಡು..." ಅಂದರು ಕೊನೆಗೆ. "ಆರಾಮಾಗಿ ನಿಂತಾನ." ಅಡುಗೆಮನೆಯಲ್ಲಿದ್ದ ಮಗಳನ್ನು ಕೂಗಿದರು. ಅವಳೂ ಬಂದು ನೋಡಿದಳು. ನೋಡಿ, ಅಮ್ಮನ ಭುಜದ ಮೇಲೆ ಕೈಯಿಟ್ಟಳು. ತಮ್ಮ ಮೂರು ಗೆರೆ ಕಬ್ಬಿಣವಾದದ್ದನ್ನು ಆಂಟಿ ಮೊದಲ ಸಲ ಕಂಡಿದ್ದು ಅಂದು, ಲೂಯಿಸ್‌ವಿಲ್‌ನ ಆ ಮೇಜಿನ ಮುಂದೆ.

ಆಗ ನಾನು ಇಮೇಲಿನ ಕೊನೆಯ ಸಾಲು ಓದಿದೆ. ಕ್ಷಮಿಸಿ ಮೇಡಂ, ಆದರೆ ಅದು ಬಲ ಮಗ್ಗುಲಲ್ಲಿದೆ ಅಂತ ಬರೆದಿದ್ದರು ಸಾಹೇಬರು.

ಮೂವರೂ ಮಾಡೆಲಿನ ಎಡ ಮಗ್ಗುಲಿನತ್ತ ತಿರುಗಿ ನೋಡಿದೆವು. ಆಮೇಲೆ ಆಂಟಿ ನಗತೊಡಗಿದರು. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಹಾಳೆಯ ಮೇಲೆ ಎಂಜಿನ್ನಿನ ಮೂತಿ ಯಾವ ಕಡೆಗಿತ್ತು ಅನ್ನುವುದೇ ಅವರಿಗೆ ಮರೆತುಹೋಗಿತ್ತು! "ಸಾಹೇಬ್ರೂ ಗೆದ್ದರು, ನಾನೂ ಗೆದ್ದೆ. ಟವೆಲ್ ತೊಗೊಂಡ ಬಾ ತಂಗಿ," ಅಂದರು. ಅವತ್ತೇ ಎಡಗಡೆಯ ಮೆಟ್ಟಿಲು ಬಿಚ್ಚಿ ಬಲಗಡೆ ಕೂರಿಸಿದರು. ಎಡಗಡೆ ಉಳಿದ ಕಲೆಯ ಮೇಲೆ ಸಣ್ಣ ತೇಪೆ ಹಾಕಿ, "ಈ ತ್ಯಾಪಿ ಎಂಜಿನ್ನಿಗೆ ಇದ್ದಿದ್ದಿಲ್ಲ. ಇದು ನನ್ನ ಮರವಿಂದು," ಅಂದರು.

ಮುಂದಿನ ವರ್ಷ ನಾನು ಆಸ್ಟಿನ್‌ಗೆ ಶಿಫ್ಟ್ ಆದೆ. ಅಲ್ಲಿನ ಪ್ರದರ್ಶನಕ್ಕೆ ಆಂಟಿ ಮಗಳ ಜೊತೆ ಬಂದು ನನ್ನ ಮನೆಯಲ್ಲೇ ಉಳಿದರು. ಸಾಹೇಬರು ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಹ್ಯೂಸ್ಟನ್ನಿನಿಂದ ತಾವೇ ತಂದು ಎಂಜಿನ್ನಿನ ಹಿಂದೆ ನಿಲ್ಲಿಸಿದರು. ನೋಡಲು ಬಂದವರಿಗೆಲ್ಲ ಮೆಟ್ಟಿಲಿನ ಕಥೆ ಹೇಳಿದ್ದೂ ಅವರೇ. ಆಂಟಿ ಪಕ್ಕದಲ್ಲಿ ನಿಂತು, ಮರೆತದ್ದನ್ನು ಎತ್ತಿಕೊಡುತ್ತಿದ್ದರು. ಬಂದದ್ದು ಎರಡನೇ ಬಹುಮಾನ. ಮೊದಲನೆಯದು ಮಿಣುಕುವ ದೀಪಗಳ, ಆನೆ ಹೊತ್ತ ಸರ್ಕಸ್ ರೈಲೊಂದಕ್ಕೆ ಹೋಯಿತು. "ಆ ಆನಿ ಮುಂದ ನಾವೇನು ನಿಂದ್ರತೀವಿ ಬಿಡು," ಅಂದು ಆಂಟಿ ತಾವೇ ಹೋಗಿ ಆ ರೈಲು ಮಾಡಿದವನ ಕೈ ಕುಲುಕಿ ಬಂದರು. ಸಾಹೇಬರು ಆಂಟಿ ತಂದಿದ್ದ ಚಕ್ಕುಲಿಯ ಡಬ್ಬಿ ಪೂರ್ತಿ ಖಾಲಿ ಮಾಡಿದರು.

ಆಂಟಿ ಹೋದದ್ದು ಅದಾದ ಎರಡು ವರ್ಷಕ್ಕೆ. ಮಗಳು ಅಲ್ಲೇ ಡಾಲಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಹೊಸ ಮನೆ ತಗೊಂಡಿದ್ದಳು. ಒಂದು ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದುಕೊಂಡಂತಾಗುತ್ತದೆ ಅಂದರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ... ನಾನು ಆಸ್ಟಿನ್‌ನಿಂದ ಹೋಗಿ ಮುಖ ನೋಡಿ ಬಂದೆ. ಮೆಟ್ಟಿಲಿನ ಎಂಜಿನ್ನನ್ನು ಮಗಳು ಸಾಹೇಬರಿಗೆ ಕೊಟ್ಟಳು. ಅಮ್ಮ ಹಾಗೇ ಹೇಳಿದ್ದರಂತೆ.

ಪ್ಲಂಬರ್ ಹೋದ ಮೇಲೆ ಆಂಟಿಯ ಮಗಳಿಗೆ ಫೋನ್ ಮಾಡಿದೆ. ಮಾತಾಡಿ ಬಹಳ ದಿನವಾಗಿತ್ತು. ಕಪಾಟಿನಲ್ಲಿ ಇನ್ನೊಂದು ಡಬ್ಬಿ ಇದೆ ಅಂದಳು. ಅದೇ ಜಾತಿಯ, ಬೇರೆ ನಂಬರಿನ ಎರಡನೇ ಎಂಜಿನ್, ಅಮ್ಮ ಶುರು ಮಾಡಿ ಬಿಟ್ಟದ್ದು. ಫೋಟೋ ಕಳಿಸಿದಳು. ಚೊಕ್ಕ ಹಿತ್ತಾಳೆ. ಕಟಕಟೆ ಇಲ್ಲ, ಚಾಚಿದ ಚಾವಣಿ ಇಲ್ಲ, ಒಂದು ತೇಪೆಯೂ ಇಲ್ಲ. ಇದಕ್ಕೆ ಮುಂದೆ ಏನೇನು ಬರಬೇಕಿತ್ತು, ನಿನಗೇನಾದರೂ ಹೇಳಿದ್ದರಾ ಅಂತ ಕೇಳಿದಳು. ನನಗೆ ಹೇಳಿರಲಿಲ್ಲ. ಸಾಹೇಬರನ್ನು ಕೇಳಿದೆ, ನಾನೂ ಹ್ಯೂಸ್ಟನ್ನಿಗೆ ಬಂದ ಮೇಲೆ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ ಅವರದು. ತೊಂಬತ್ತರ ಹತ್ತಿರದ ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು. ಒಂದೊಂದು ಎಂಜಿನ್ನಿನ ಮುಪ್ಪು ಒಂದೊಂದು ರೀತಿ, ಈ ನಂಬರಿನದು ಆಕೆಗೆ ಮಾತ್ರ ಗೊತ್ತಿತ್ತು ಅಂದರು.

ಕೇಳಿದ್ದರೆ ಆಂಟಿ ಒಂದು ಮಧ್ಯಾಹ್ನದಲ್ಲಿ ಎಲ್ಲ ಹೇಳಿಬಿಡುತ್ತಿದ್ದರು. ಮಿರ್ಚಿ ತಿನ್ನುತ್ತಾ ನಾನು ಕೇಳಲೇ ಇಲ್ಲ. ಆ ಎಂಜಿನ್ ಲಿಟಲ್ ಎಲ್ಮ್‌ನ ಕಪಾಟಿನಲ್ಲಿ ಹೊಸದಾಗಿಯೇ ಉಳಿದಿದೆ.