ರೊಟ್ಟಿ ಹಂಚಿನ ಮೇಲೆ ಎಂಜಿನ್

ನೆದರ್ಲ್ಯಾಂಡ್ಸಿನ ಬಾಡ್‌ಹೂವೆಡಾರ್ಪ್‌ನ ನಮ್ಮ ಅಡುಗೆಮನೆಯಲ್ಲಿ ಇಂದು ಬೇರಿಂಗ್ ಕೂರಿಸಲೆಂದು ಹಳೆಯ ಬೈಕಿನ ಎಂಜಿನ್ ಕೇಸನ್ನು, ಅಂದರೆ ಅದರ ಲೋಹದ ಹೊರಕವಚವನ್ನು, ಓವನ್ನಿನಲ್ಲಿ ಕಾಯಲಿಟ್ಟೆ. ಸುಟ್ಟ ಎಣ್ಣೆಯ ವಾಸನೆ ಎದ್ದದ್ದೇ ತಡ, ಧಾರವಾಡದ ನಮ್ಮ ಪಡಸಾಲೆ ಕಣ್ಣಮುಂದೆ ಬಂತು.

ಅಂದು ಅಲ್ಲಿ ಅಪ್ಪ ತಮ್ಮ ಬೈಕಿನ ಎಂಜಿನ್ ಬಿಚ್ಚಿಕೊಂಡು, ಹೊಸ ಬೇರಿಂಗನ್ನು ಕೇಸಿನೊಳಗೆ ಕೂರಿಸಲು ಸುತ್ತಿಗೆಯಿಂದ ಬಡಿಯುತ್ತಿದ್ದರು. ಅದು ಜಗ್ಗಲಿಲ್ಲ.

“ಒಡದ ಹೋದೀತ್ರಿ, ಇತ್ತ ಕೊಡ್ರಿ,” ಎಂದ ಅವ್ವ ಕೇಸನ್ನು ರೊಟ್ಟಿ ಹಂಚಿನ ಮೇಲಿಟ್ಟಳು. ಅದು ಕಾದ ಮೇಲೆ ಬೆರಳಿನಿಂದ ಅದಕ್ಕೆ ನೀರು ಚಿಮುಕಿಸಿದಳು. ಹನಿ ಚುಂಯ್ ಎಂದು ಕುಣಿದಾಗ, “ಈಗ ಹಾಕ್ರಿ!” ಎಂದಳು. ಬಿಸಿಗೆ ಹಿಗ್ಗಿದ್ದ ಕೇಸಿನೊಳಗೆ ಬೇರಿಂಗ್ ತಾನಾಗಿ ಜಾರಿ ಕೂತಿತು. ಆ ಬೈಕು ಓಡಿದಷ್ಟು ಕಾಲವೂ ಅಪ್ಪ ಕಂಡವರಿಗೆಲ್ಲ ಹೇಳುತ್ತಿದ್ದರು: “ಈ ಎಂಜಿನ್ ನಮ್ಮ ಮನ್ಯಾಕಿ ಕೂಡಿಸ್ಯಾಳ.”

“ಮಮ್ಮಾ, ಹೌ ಹಾಟ್ ಈಸ್ ಇಟ್?” ಓವನ್ನಿನ ಪಕ್ಕ ನಿಂತಿದ್ದ ನನ್ನ ಮಗಳು ಕೇಳಿದಳು.

“ತಡಿ, ನಿಮ್ಮಜ್ಜಿ ಥರ್ಮಾಮೀಟರ್ ಐತಿ,” ಎಂದು ಬೆರಳು ಅದ್ದಿ ಕಾದ ಕೇಸಿನ ಮೇಲೆ ನೀರು ಚಿಮುಕಿಸಿದೆ. ಹನಿ ಕುಣಿಯಿತು. ಸುತ್ತಿಗೆ ಶೆಡ್ಡಿನಲ್ಲೇ ಉಳಿಯಿತು.