ಪಾದದಾಚೆಯ ಹಸಿರು ಮಚ್ಚೆ

ಸೊಂಟದ ಕೆಳಗೆ ನನಗೆ ಏನೂ ಗೊತ್ತಾಗುವುದಿಲ್ಲ. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಯ ಮುಂದೆ, ಚೀಲ ಹೇರಿದ ಲಾರಿಯ ಮೇಲಿಂದ ಬಿದ್ದು ಎರಡು ವರ್ಷವಾಯಿತು. ಅವತ್ತು ಮಳೆ ಹನಿಯುತ್ತಿತ್ತು. ‘ಲಗೂ ಹತ್ತು, ತಾಡಪತ್ರಿ ಕಟ್ಟು’ ಎಂದು ಕೂಗಿದವರು ಅಪ್ಪ. ಆಮೇಲೆ ಅವರು ನನ್ನ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಪಡಸಾಲೆಯಲ್ಲೇ ನಿಂತು ‘ಉಂಡನೇನು?’ ಎಂದು ನನ್ನ ಹೆಂಡತಿಯನ್ನು ಕೇಳಿ ಅಂಗಡಿಗೆ ನಡೆಯುತ್ತಿದ್ದರು. ನನಗೂ ಸಿಟ್ಟಿತ್ತು, ಕರೆಯಲಿಲ್ಲ.

ಮೊದಲ ವರ್ಷವೇ ಎಡಗಾಲಿನ ಹರಡಿನ ಗಂಟಿನ ಮೇಲೆ ಹುಣ್ಣಾಯಿತು. ಒಂದೇ ಮಗ್ಗುಲಲ್ಲಿ ಬಿದ್ದು ಬಿದ್ದು ಎಲುಬು ಕಾಣುವಷ್ಟು ಆಳಕ್ಕೆ ಇಳಿದಿದ್ದರೂ ನನಗೆ ಸುದ್ದಿಯೇ ಇಲ್ಲ. ಹಾವೇರಿಯ ಡಾಕ್ಟರು ಮನೆಗೇ ಬಂದು ಹೇಗೋ ಮಾಯಿಸಿ, ‘ಇನ್ನೊಮ್ಮೆ ಆದ್ರ ಕಾಲ ತಗೀಬೇಕಾಗ್ತದ’ ಎಂದರು. ಅದಕ್ಕೇ ರಾಣೆಬೆನ್ನೂರಿನ ಫಿಜಿಯೋಥೆರಪಿಯವರಿಂದ ಮೈಯಡಿ ಹಾಸುವ ಈ ಚಾದರ ತರಿಸಿದೆವು. ನೂಲಿನ ಜೊತೆ ಸಣ್ಣ ತಂತಿ ಸೇರಿಸಿ ನೇಯ್ದದ್ದು. ಮೈಭಾರ ಬಿದ್ದಲ್ಲಿ ಫೋನಿನಲ್ಲಿ ಹಸಿರು ಮಚ್ಚೆ ಮೂಡುತ್ತದೆ, ಬಹಳ ಹೊತ್ತು ಅಲ್ಲೇ ಬಿದ್ದರೆ ಕೆಂಪಾಗುತ್ತದೆ. ನನ್ನ ಕಾಲಿನ ಕ್ಷೇಮಸಮಾಚಾರ ನನಗೆ ಫೋನಿನಿಂದ ತಿಳಿಯಬೇಕು. ಅಪ್ಪನಿಗೆ ಮಾತ್ರ ಅದು ಮೈ ಬೆಚ್ಚಗಿಡುವ ‘ಕರೆಂಟಿನ ಚಾದರ’.

ಮಧ್ಯಾಹ್ನ ಹೆಂಡತಿ ನನ್ನನ್ನು ಗೋಡೆಯ ಕಡೆ ಹೊಳ್ಳಿಸಿ, ಬಾಗಿಲು ಮುಂದೆ ಮಾಡಿ, ಹೊಲಿಗೆ ಕಲಿಸಲು ಹೋಗುತ್ತಾಳೆ. ಅಂಥ ಒಂದು ಮಧ್ಯಾಹ್ನ ಎಚ್ಚರಾಗಿ ಫೋನು ನೋಡಿದೆ. ನನ್ನ ಪಾದದಾಚೆ, ನನ್ನ ಮೈ ಇಲ್ಲದ ಜಾಗದಲ್ಲಿ, ದುಂಡನೆಯ ಹಸಿರು ಮಚ್ಚೆಯೊಂದಿತ್ತು. ಯಾರೋ ಕೂತಿದ್ದರು. ನೋಡುತ್ತಿದ್ದಂತೆಯೇ ಕೆಂಪಾಗಿದ್ದ ನನ್ನ ಹರಡಿನ ಮಚ್ಚೆ ಆರಿಹೋಯಿತು. ಕಾಲು ತಾನಾಗಿ ಚಾದರ ಬಿಟ್ಟು ಮೇಲೆದ್ದಿತ್ತು. ಬೆನ್ನ ಹಿಂದೆ ಉಸಿರಿನ ಸದ್ದೂ ಇಲ್ಲ. ಹೊಳ್ಳಿ ನೋಡುವ ಧೈರ್ಯವಾಗಲಿಲ್ಲ. ಅವ್ವ ಇದ್ದಾಗ ಅಲ್ಲೇ ಕೂತು ನನ್ನ ಕಾಲೊತ್ತುತ್ತಿದ್ದಳು. ಅವಳು ತೀರಿ ವರ್ಷವಾಗಿತ್ತು.

ಹೆಂಡತಿ ಬಂದು ಕೇಳಿ, ದನಿ ಸಣ್ಣದು ಮಾಡಿ, ‘ಅತ್ತೀನ ಬಂದಿರಬೇಕ್ರಿ’ ಎಂದಳು. ದಿಂಬಿನಡಿ ಕಬ್ಬಿಣದ ಅಡಕೊತ್ತು ಇಟ್ಟಳು, ದೆವ್ವ ಹತ್ತಿರ ಸುಳಿಯದಿರಲಿ ಎಂದು. ಚಾದರ ಅದನ್ನೂ ಕೆಂಪಗೆ ತೋರಿಸಿತು. ಮರುದಿನ ತಲೆಯ ಬಳಿ ಅಡಕೊತ್ತು, ಕಾಲ ಬಳಿ ಹಸಿರು ಮಚ್ಚೆ, ನಡುವೆ ನಾನು.

ಐದನೆಯ ದಿನ ನಿದ್ದೆ ಮಾಡದೆ ಕಾದೆ. ಮಚ್ಚೆ ಮೂಡಿತು. ಅದರ ಜೊತೆ ಘಾಟು ಬಂತು, ಮೆಣಸಿನಕಾಯಿಯದು, ಅಂಗಡಿಯಿಂದ ನೇರ ಬಂದವರ ಬಟ್ಟೆಗೆ ಇರುವಂಥದ್ದು. ಸತ್ತವರಿಗೆ ಘಾಟು ಎಲ್ಲಿಂದ ಬರಬೇಕು? ಡಾಕ್ಟರ ಮಾತನ್ನು ಪಡಸಾಲೆಯಲ್ಲಿ ನಿಂತು ಅಪ್ಪನೂ ಕೇಳಿದ್ದರು. ಮತ್ತೆ ಹುಣ್ಣಾಗದಿರಲೆಂದು ಕಾಲೆತ್ತಿ ಹಿಡಿಯುತ್ತಿದ್ದರು. ತಂದೆಯಾದವನು ಮಗನ ಕಾಲು ಹಿಡಿಯಬಾರದು ಎನ್ನುತ್ತಾರೆ, ಅದಕ್ಕೇ ಕದ್ದು ಬರುತ್ತಿದ್ದರು.

ಗೋಡೆ ನೋಡುತ್ತಲೇ ಅಂದೆ: ‘ಅಪ್ಪಾ, ಕಾಲ ಬಿಡ್ರಿ. ನನಗ ಪಾಪ ಬರ್ತದ.’

ಅವರು ಬಿಡಲಿಲ್ಲ. ಹಿಡಿದುಕೊಂಡೇ ಕೇಳಿದರು: ‘ತಮ್ಮಾ, ನಾ ಹಿಡದಿದ್ದು ನಿನ್ನ ಕಾಲಿಗೆ ಗೊತ್ತಾತೇನು? ಖರೇ ಹೇಳು.’

ಚಾದರ ಹೇಳಿತು ಎನ್ನಬೇಕಿತ್ತು. ಎರಡು ವರ್ಷದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಯ್ಯೋ ಪಾಪ ಅನ್ನಿಸಿಬಿಟ್ಟಿತು. ‘ಹೂಂರಿ’ ಎಂದೆ.

ಈಗ ಬಾಗಿಲು ತೆರೆದೇ ಬರುತ್ತಾರೆ. ‘ಹೊಳ್ಳಿ ನೋಡಬ್ಯಾಡ. ಈಗ ಯಾವ ಕಾಲ ಹಿಡದೇನಿ ಹೇಳು’ ಎನ್ನುತ್ತಾರೆ. ದಿಂಬಿನ ಮರೆಯಲ್ಲಿ ಫೋನು ಇರುತ್ತದೆ. ಯಾವ ಪಾದದ ಮಚ್ಚೆ ಆರಿತೆಂದು ನೋಡಿ ‘ಬಲಗಾಲು’ ಎನ್ನುತ್ತೇನೆ. ಇನ್ನೂ ಒಮ್ಮೆಯೂ ತಪ್ಪಿಲ್ಲ. ನಿನ್ನೆ ಅವರು ನನ್ನ ಅಳತೆಯ ಹೊಸ ಚಪ್ಪಲಿ ತಂದು ಮಂಚದ ಕೆಳಗೆ ಇಟ್ಟು ಹೋಗಿದ್ದಾರೆ.