ರೋಗ ಹಚ್ಚುವ ಕೈಗುಣ

ತೆರಕಣಾಂಬಿಯ ಆಚೆ, ಅರಿಶಿನದ ಹೊಲಗಳ ನಡುವೆ, ಗೋಧಿ ಸಂಶೋಧನಾ ಕೇಂದ್ರದ ತಂಪು ಹಿಡಿದಿಟ್ಟ ಗಾಜಿನ ಮನೆಯಲ್ಲಿ ಇನ್ನೂ ಬೆಳಗಿನ ಮಬ್ಬು. ಗುರುಮಲ್ಲಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಕುಂಡಗಳಲ್ಲಿ ಬೆರಳುದ್ದದ ಗೋಧಿ ಪೈರು. ಎಲೆಗೆ ನೀರು ಚಿಮುಕಿಸಿ, ಬಟ್ಟಲಿನ ಕಂದು ಪುಡಿಯಲ್ಲಿ ಮೂರು ಬೆರಳು ಅದ್ದಿ, ವಿಭೂತಿ ಧರಿಸಿದಷ್ಟೇ ಮೆಲ್ಲಗೆ ಎಲೆಯ ಮೇಲೆ ಎಳೆಯುತ್ತಾರೆ. ಅದು ವಿಭೂತಿಯಲ್ಲ, ತುಕ್ಕು ರೋಗ ತರುವ ಶಿಲೀಂಧ್ರ. ಹೊತ್ತು ಏರುವಷ್ಟರಲ್ಲಿ ಇನ್ನೂರು ಕುಂಡಗಳಿಗೆ ಹೀಗೆ ರೋಗ ಹಚ್ಚಿ ಮುಗಿಯಬೇಕು.

ಗೋಧಿಗೆ ಕಾಡಿನಲ್ಲಿ ನೆಂಟರಿದ್ದಾರೆ. ನೋಡಿದರೆ ಬರೀ ಹುಲ್ಲು, ಕಾಳೂ ಹೆಸರಿಗಷ್ಟೇ. ಆದರೆ ತುಕ್ಕಿಗೆ ಬಗ್ಗದ ಗುಣ ಅವುಗಳ ವಂಶದಲ್ಲಿದೆ. ಆ ಹುಲ್ಲನ್ನು ಗೋಧಿಯೊಂದಿಗೆ ಕೂಡಿಸಿ ಹುಟ್ಟಿಸಿದ ಸಸಿಗಳಲ್ಲಿ ಯಾವುದಕ್ಕೆ ಆ ಗುಣ ಇಳಿದಿದೆ ಎಂದು ತಿಳಿಯಬೇಕಾದರೆ, ಮೊದಲು ಎಲ್ಲಕ್ಕೂ ರೋಗ ಹಚ್ಚಬೇಕು. ತಡೆದು ನಿಂತ ಸಸಿಯ ಎಲೆಯನ್ನು ವಿಜ್ಞಾನಿ ನಯನಾ ಪ್ರಯೋಗಾಲಯಕ್ಕೆ ಒಯ್ದು, ತಡೆಯುವ ವಂಶವಾಹಿ ಯಾವುದೆಂದು ಹುಡುಕುತ್ತಾರೆ. "ಗುರುಮಲ್ಲಮ್ಮನವರ ಕೈ ಒಂದೇ ಹದ. ಒಂದು ಗಿಡಕ್ಕೆ ಕಮ್ಮಿ ಬಿದ್ದರೂ ನಾವು ಮೋಸ ಹೋಗ್ತೀವಿ," ಎನ್ನುತ್ತಾರೆ ಅವರು.

ಈ ಕೈಗೆ ಮೊದಲು ಬೇರೆ ಹೆಸರಿತ್ತು. ರಾಗಿ ಬಿತ್ತುವಾಗ ಮೊದಲ ಹಿಡಿ ಹಾಕಲು ಕೇರಿಯವರೆಲ್ಲ ಗುರುಮಲ್ಲಮ್ಮನನ್ನೇ ಕರೆಯುತ್ತಿದ್ದರು. ಕೈಗುಣ ಒಳ್ಳೆಯದೆಂಬ ನಂಬಿಕೆ. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಕರೆ ನಿಂತಿತು. ಮೊದಲು ನಿಲ್ಲಿಸಿದವರು ಓರಗಿತ್ತಿ ಶಿವರುದ್ರಮ್ಮನೇ. ಗೋಧಿಯ ತುಕ್ಕು ರಾಗಿಗೆ ಹತ್ತುವುದಿಲ್ಲವೆಂದು ನಯನಾ ಶಿವರುದ್ರಮ್ಮನ ಮನೆಗೇ ಹೋಗಿ ಹೇಳಿದರು. ಶಿವರುದ್ರಮ್ಮ ಕಾಫಿ ಕೊಟ್ಟರು, ತಲೆಯಾಡಿಸಿದರು, ಕರೆಯಲಿಲ್ಲ.

"ಮೊದ್‌ಮೊದ್ಲು ನಂಗೂ ಮನ್ಸು ಒಪ್ತಿರ್ನಿಲ್ಲ. ಬೆಳೆ ಕಾದ ಕೈಲೇ ಸೀಕು ಹಚ್ಚು ಅಂದ್ರೆ? ತಪ್ಪಾಯ್ತು ಮಾದಪ್ಪ ಅಂದ್ಬುಟ್ಟು ಹಚ್ತಿದ್ದೆ," ಎಂದು ಗುರುಮಲ್ಲಮ್ಮ ನಗುತ್ತಾರೆ.

ಮೂಲೆಯಲ್ಲಿ, ಕೆಲವು ವಾರಗಳ ಹಿಂದೆ ರೋಗ ಹಚ್ಚಿದ ಸಾಲಿನಲ್ಲಿ, ಒಂದು ಕುಂಡವಿದೆ. ಸುತ್ತಲಿನ ಸಸಿಗಳೆಲ್ಲ ಕಂದು ಗುಳ್ಳೆಯೆದ್ದು ಸೊರಗಿವೆ. ಇದರ ಎಲೆ ಮಾತ್ರ ತೊಳೆದಿಟ್ಟಂತಿದೆ. ಸುದ್ದಿ ಕೇಳಿ ಮೊನ್ನೆ ಶಿವರುದ್ರಮ್ಮ ತಾವೇ ಬಂದರು. ಸೆರಗನ್ನು ಮೈಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತು ನೋಡಿದರು.

"ನಿನ್ ಕೈಲೇ ಹಚ್ಚಿದ್ದಾ ಇದ್ಕೂವೆ?"

"ಊ ಕಣಕ್ಕ. ನಂಬ್ಕೆ ಬರ್ದೆ ಇನ್ನೊಂದ್ಸಲನೂ ಹಚ್ಚಿವ್ನಿ."

"ಏನೂ ಆಗ್ನಿಲ್ವಲ್ಲ," ಎಂದಷ್ಟೇ ಹೇಳಿ ಶಿವರುದ್ರಮ್ಮ ಹೊರಟರು.

ಮಳೆ ಹತ್ತಿರವಾಗಿದೆ. ಏನಾದರೂ ಆಸೆ ಇದೆಯೇ ಎಂದರೆ, ಈ ಗಿಡ ತೆನೆ ಕಟ್ಟಿ ಕಾಳಾಗಲಿ ಎನ್ನುತ್ತಾರೆ ಗುರುಮಲ್ಲಮ್ಮ. ಇನ್ನೊಂದು ಆಸೆಯೂ ಇದೆ. ಪುಡಿ ಅಂಟಿದ ಬೆರಳುಗಳನ್ನೇ ನೋಡುತ್ತಾರೆ.

"ಈ ಸಲ ನಮ್ಮಕ್ಕ ರಾಗಿ ಬಿತ್ತಕೆ ಕರುದ್ರೆ ಸಾಕು ಕಣಪ್ಪ. ಕೈ ತೊಳ್ಕಂಡೇ ಓಯ್ತೀನಿ."